ಲೇಥ್ ಅಂಗಡಿಗೆ ಮದುವೆ ಅಕ್ಷರ

ನನ್ನ ಅಕ್ಷರಕ್ಕೆ ಮೈಯಲ್ಲಿ ಶಕ್ತಿಯಿಲ್ಲ ಅಂದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮಂಡಿಪೇಟೆಯ ಒಂದು ಬೀದಿ ತುಂಬುತ್ತದೆ. ಸಾಲಿನ ಮೊದಲಿಗೆ ನಮ್ಮ ಕಾರ್ಡಿನಂಗಡಿಯ ಸಾಹುಕಾರರು ನಿಲ್ಲುತ್ತಾರೆ. ಅವರ ಬೆನ್ನಿಗೆ ಹಿಂದಿನ ಓಣಿಯ ಸ್ಕ್ರೀನ್ ಪ್ರಿಂಟಿಂಗ್ ಚಾಚಾ. ಆಮೇಲೆ ಫ್ಲೆಕ್ಸಿನವರು, ಬ್ಯಾಗಿನ ಮೇಲೆ ಅಚ್ಚು ಹಾಕುವವರು, ನಮ್ಮ ಸಂಬಂಧಿಕರು. ಒಂದು ವಾರದ ಮಟ್ಟಿಗೆ ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನು ಮಾಡಲಿ.

ದಾವಣಗೆರೆಯ ಈ ಮದುವೆ ಕಾರ್ಡಿನಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ನನಗೆ ಹದಿನೆಂಟು ವರ್ಷವಾಯಿತು. ಬಂದವರ ಮುಂದೆ ಮಾದರಿ ಕಾರ್ಡುಗಳನ್ನು ಹರಡುವುದು, ಅವರು ಚೀಟಿಯಲ್ಲಿ ಬರೆದು ತಂದ ಅಜ್ಜ, ಮುತ್ತಜ್ಜ, ಸೋದರಮಾವಂದಿರನ್ನೆಲ್ಲ ತಪ್ಪಿಲ್ಲದೆ ಕೂರಿಸುವುದು, ಯಾವ ಚಿಕ್ಕಪ್ಪ ಯಾವ ಚಿಕ್ಕಪ್ಪನಿಗಿಂತ ಮೇಲೆ ಬರಬೇಕೆಂಬ ಜಗಳ ಮುಗಿಯುವ ತನಕ ಮುಖ ಗಂಟು ಹಾಕದೆ ಕಾಯುವುದು ನನ್ನ ಕೆಲಸ. ಇದರ ನಡುವೆ ನಾನೊಂದು ಅಕ್ಷರ ಮಾಡಿಕೊಂಡೆ. ಒಂದೇ ಒಂದು ಅಕ್ಷರವಲ್ಲ, ಒಂದೇ ಧಾಟಿಯ ಅಕ್ಷರಗಳ ಸಾಲು. ಕಂಪ್ಯೂಟರಿನವರು ಇದಕ್ಕೆ ಫಾಂಟ್ ಅನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದು ಎಳೆ ಅಕ್ಷರ.

ಅದು ಹುಟ್ಟಿದ್ದು ಅಕ್ಕನ ಮದುವೆಗೆ. ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಅಂಗಡಿಯವರು ತೋರಿಸಿದ ಅಕ್ಷರ ಯಾವುದೂ ಮನಸ್ಸಿಗೆ ಬರಲಿಲ್ಲ. ಎಲ್ಲವೂ ಊಟ ಹೆಚ್ಚಾದವರ ಹಾಗೆ ಕಾಣುತ್ತಿದ್ದವು. ಅಕ್ಕನ ಹೆಸರನ್ನು ಓರೆ ಮೂತಿಯ ಪೆನ್ನಿನಲ್ಲಿ ನಾನೇ ಬರೆದುಕೊಟ್ಟೆ. ಪೆನ್ನು ಕೆಳಗಿಳಿಯುವಾಗ ಗೆರೆ ಅಕ್ಕಿಕಾಳಿನಷ್ಟು ದಪ್ಪ, ಮೇಲೆ ಹೋಗುವಾಗ ಶಾವಿಗೆಯಷ್ಟು ಸಣ್ಣ. ತಲೆಕಟ್ಟನ್ನು ಅಡ್ಡಗೆರೆಯಾಗಿ ಮುಗಿಸದೆ ಬಲಕ್ಕೆ ಎಳೆದು, ತುದಿಯಲ್ಲಿ ಒಂದು ಸುತ್ತು ಸುತ್ತಿ ಮೊಗ್ಗು ಮಾಡಿದೆ. ಕೊಂಬು, ದೀರ್ಘ ಎಲ್ಲ ಅಕ್ಷರದ ಪಕ್ಕ ಅಂಟಿಕೊಂಡಿರದೆ ಸ್ವಲ್ಪ ದೂರ ಹೋಗಿ ತಿರುಗಿ ಬರುತ್ತಿದ್ದವು. ಒತ್ತಕ್ಷರವನ್ನು ಜುಮುಕಿಯ ಹಾಗೆ ಕೆಳಗೆ ತೂಗಬಿಟ್ಟೆ. ಆ ಕಾರ್ಡು ನೋಡಿ ಸಾಹುಕಾರರು ನನ್ನನ್ನು ಕೆಲಸಕ್ಕೆ ಕರೆದರು. ಆಮೇಲೆ ಅಡುಗೆ, ಮಕ್ಕಳ ಶಾಲೆ, ಅಂಗಡಿ ಇವುಗಳ ನಡುವಿನ ಸಂದಿಗಳಲ್ಲಿ ಕೂತು, ಒಂದೊಂದೇ ಅಕ್ಷರ ಗ್ರಾಫ್ ಹಾಳೆಯಲ್ಲಿ ಬರೆದು ಕಂಪ್ಯೂಟರಿಗೆ ಹಾಕಿದೆ. ಆರು ವರ್ಷ ಹಿಡಿಯಿತು.

ಈ ಅಕ್ಷರಕ್ಕೆ ದಾವಣಗೆರೆಯಲ್ಲಿ ಸಿಕ್ಕ ಕೆಲಸ ಎಂಥದು ಅಂದರೆ, ಮದುವೆ ಕಾರ್ಡಿನಲ್ಲಿ ಹುಡುಗ ಹುಡುಗಿಯ ಹೆಸರು. ನಾಮಕರಣ, ಸೀಮಂತ, ಗೃಹಪ್ರವೇಶ. ಸೀರೆ ಅಂಗಡಿಯ ಬ್ಯಾಗು, ಬ್ಯೂಟಿ ಪಾರ್ಲರಿನ ಗಾಜು, ಫೋಟೋ ಆಲ್ಬಮ್ಮಿನ ಮೊದಲ ಪುಟ. ಅಷ್ಟೇ. ಕಾರ್ಡಿನೊಳಗೂ ಅದಕ್ಕೆ ಎರಡೇ ಸಾಲು. ಮುಹೂರ್ತ, ಸ್ಥಳ, ಆಶೀರ್ವಾದ ಬಯಸುವವರು, ಎಲ್ಲ ಸಾದಾ ಅಕ್ಷರದಲ್ಲಿ. ‘ಅದು ಅಲಂಕಾರಕ್ಕಮ್ಮ, ಓದಾಕಲ್ಲ’ ಅನ್ನುವುದು ಸಾಹುಕಾರರ ಮಾತು. ಸಣ್ಣದಾಗಿ ಹಾಕಿದರೆ ಎಳೆ ಮಾಯವಾಗುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿಯಾಗಿ ಹಾಕಿದರೆ ಮಸಿ ಎರಡೂ ಕಡೆಯಿಂದ ಬಂದು ನುಂಗುತ್ತದೆ, ವೆಲ್ವೆಟ್ ಕಾರ್ಡಿನ ಮೇಲೆ ಚಿನ್ನದ ಬಣ್ಣ ಒತ್ತಿದರೆ ಮೊಗ್ಗಿನ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಇದೆಲ್ಲ ನಿಜವೇ. ಚಾಚಾ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ‘ಬೇಟಿ, ಇದು ಅಕ್ಷರನಾ, ತಲಿಕೂದಲಾ? ನನ್ನ ಸ್ಕ್ರೀನಿಗೆ ಹಿಡಿಯಲ್ಲ’ ಅಂದು ವಾಪಸು ಕಳಿಸಿದ್ದರು. ನಾನು ತಿರುಗಿ ಹೋಗಿ ಪಕ್ಕದಲ್ಲೇ ಕೂತು, ಮಸಿಗೆ ಎಷ್ಟು ತಿನ್ನರ್ ಬೇಕೆಂದು ಜಗಳ ಮಾಡಿ ತೆಗೆಸಿಕೊಂಡು ಬಂದಿದ್ದೆ. ಆದರೆ ಅಲಂಕಾರಕ್ಕೆ ಮಾತ್ರ ಅನ್ನುವ ಮಾತಿಗೆ ಯಾವ ಜಗಳವನ್ನೂ ಮಾಡಿರಲಿಲ್ಲ. ಹದಿನೆಂಟು ವರ್ಷ ಕೇಳಿಕೊಂಡು ಹೂಂ ಅಂದಿದ್ದೆ.

ಅಕ್ಕನನ್ನು ಕೊಟ್ಟಿದ್ದು ಹರಿಹರಕ್ಕೆ. ಬಾವನದು ಕಬ್ಬಿಣ ಕಡೆಯುವ ಲೇಥ್ ಕೆಲಸ. ಅವರೂ ಅವರ ಅಣ್ಣನೂ ಒಂದೇ ಶೆಡ್ಡಿನಲ್ಲಿದ್ದವರು ಬೇರೆಯಾದರು. ಎರಡು ಲೇಥ್ ಮಷಿನು, ಒಂದು ಡ್ರಿಲ್ಲಿಂಗ್ ಮಷಿನು, ಒಂದು ವೆಲ್ಡಿಂಗ್ ಸೆಟ್ಟು ಬಾವನ ಪಾಲಿಗೆ ಬಂದವು. ತಂದೆಯ ಹೆಸರಿದ್ದ ಹಳೆಯ ಬೋರ್ಡು ಅಣ್ಣನ ಹೊಸ ಶೆಡ್ಡಿಗೆ ಹೋಯಿತು. ಈ ಅಣ್ಣನನ್ನು ನಾವು ದೊಡ್ಡ ಬಾವ ಅನ್ನುತ್ತೇವೆ. ಹಾಗೆ ಬೇರೆಯಾಗಿ ವರ್ಷ ತುಂಬುವುದರೊಳಗೆ ಬಾವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು.

ಅಕ್ಕ ಮೂರು ತಿಂಗಳು ಆಸ್ಪತ್ರೆ, ಎಣ್ಣೆ ತಿಕ್ಕುವುದು, ನಡೆಸುವುದು ಅಂತ ಓಡಾಡಿದಳು. ನಾಲ್ಕನೇ ತಿಂಗಳು ಬಾವನನ್ನು ಆಟೋದಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಹೋಗಿ ಬೀಗ ತೆಗೆದಳು. ಮಷಿನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರನ್ನು ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವನ ಹಳೇ ಖಾಕಿ ಅಂಗಿ ಮೇಲೆ ತೊಟ್ಟು ಕಲಿಯತೊಡಗಿದಳು. ಬಾವನಿಗೆ ಮಾತು ತೊದಲುತ್ತಿತ್ತು, ಕಿವಿ ಮಾತ್ರ ಚುರುಕು. ಟೂಲು ಕಬ್ಬಿಣಕ್ಕೆ ತಾಗುವ ಸದ್ದು ಕೇಳಿಯೇ ‘ಜಾಸ್ತಿ ಆತು’, ‘ಕಮ್ಮಿ ಆತು’ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಅಕ್ಕ ಹಾಳು ಮಾಡಿದ ಕಬ್ಬಿಣ ಒಂದು ಮೂಲೆಯಲ್ಲಿ ಮೊಣಕಾಲೆತ್ತರ ಬಿದ್ದಿತ್ತು. ಅದರ ಮೇಲೆ ಅವಳು ಕೆಲಸ ಕಲಿತಳು.

ಕೆಲಸ ಕೈಗೆ ಹತ್ತಿತು, ಗಿರಾಕಿ ಬರಲಿಲ್ಲ. ಬೋರ್ಡಿಲ್ಲದ ಶೆಡ್ಡು ಮುಚ್ಚಿದೆಯೆಂದು ಅರ್ಧ ಜನ ಹಾಗೇ ಮುಂದೆ ಹೋಗುತ್ತಿದ್ದರು. ಒಳಗೆ ಬಂದವರು ಅಕ್ಕನನ್ನು ನೋಡಿ ‘ಯಜಮಾನ್ರು ಇಲ್ವಾ?’ ಅನ್ನುತ್ತಿದ್ದರು. ಕುರ್ಚಿಯಲ್ಲಿದ್ದ ಯಜಮಾನರನ್ನು ನೋಡಿದ ಮೇಲೆ ‘ಆಮ್ಯಾಕ ಬರ್ತೀವಿ’ ಅಂದು ಹೋಗುತ್ತಿದ್ದರು. ದೊಡ್ಡ ಬಾವ ಕೆಟ್ಟವರಲ್ಲ. ಒಂದು ದಿನ ಬಂದು ಕೂತು, ಚಹಾ ಕುಡಿದು, ನನ್ನೆದುರಿಗೇ ಹೇಳಿದರು.

‘ನೋಡವ್ವ, ಮಷಿನ್ ಸುಮ್ನೆ ನಿಂತ್ರೆ ತುಕ್ಕು ಹಿಡೀತಾವೆ. ನಮ್ಮ ಶೆಡ್ಡಿಗೆ ತಗಂಡು ಹೋಗ್ತೀನಿ. ಮನಿಗೆ ಏನು ಬೇಕೋ ತಿಂಗಳಾ ತಿಂಗಳಾ ನಾ ನೋಡ್ಕೊಂತೀನಿ. ಹೆಣ್ಮಗಳು ನೀ ಯಾಕ ಗ್ರೀಸಿನಾಗೆ ಕೈ ಇಡ್ತಿ?’

ಬಾವ ಮುಖ ಗೋಡೆಗೆ ತಿರುಗಿಸಿದರು. ಅಕ್ಕ ಚಹಾದ ಲೋಟ ಎತ್ತಿಕೊಂಡು ನಿಂತೇ ಉತ್ತರ ಕೊಟ್ಟಳು. ‘ಆಯುಧಪೂಜೆ ತನಕ ಟೈಮ್ ಕೊಡ್ರಿ ಬಾವನೋರೆ. ಅಷ್ಟ್ರಾಗೆ ಈ ಮಷಿನಿಗೆ ಕೆಲಸ ಬರ್ಲಿಲ್ಲ ಅಂದ್ರೆ, ಈ ಸಲ ಅವಕ್ಕೆ ಪೂಜೆ ನಿಮ್ಮ ಶೆಡ್ಡಿನಾಗೇ ಮಾಡ್ರಿ. ನಾ ಅಡ್ಡ ಬರಲ್ಲ.’

ಆಗ ಶ್ರಾವಣ. ಆಯುಧಪೂಜೆಗೆ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು.

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿ, ‘ಲೇ, ನಂಗೊಂದು ಬೋರ್ಡ್ ಬೇಕು. ನನ್ನ ಹೆಸರು, ಕೆಳಗೆ ಲೇಥ್ ವರ್ಕ್ಸ್. ನಿನ್ನ ಎಳೆ ಅಕ್ಷರದಾಗೆ’ ಅಂದಳು.

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

‘ನನ್ನ ಹೆಸರು ಚೆಂದಾಗಿ ಬರ್ದಿದ್ದು ಜೀವಮಾನದಾಗೆ ಒಂದೇ ಸಲ. ಮದುವಿ ಕಾರ್ಡಿನಾಗೆ. ಆಮೇಲೆ ರೇಷನ್ ಕಾರ್ಡು, ಆಸ್ಪತ್ರಿ ಚೀಟಿ. ನಂಗೆ ಅದೇ ಅಕ್ಷರ ಬೇಕು’ ಅಂದಳು.

ಅವಳ ಹೆಸರು ಏನೆಂದು ನಾನಿಲ್ಲಿ ಬರೆಯುವುದಿಲ್ಲ. ಬೇಕಾದವರು ಹರಿಹರಕ್ಕೆ ಹೋಗಿ ಓದಿಕೊಳ್ಳಲಿ.

ನಾನು ಮಾಡಿದ ಮೊದಲ ಬೋರ್ಡಿನ ಕತೆ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹದಿನೆಂಟು ವರ್ಷ ಮದುವೆ ಕಾರ್ಡು ಮಾಡಿದವಳ ಕೈ ಏನು ಮಾಡೀತು ಹೇಳಿ. ಕಂಪ್ಯೂಟರಿನಲ್ಲಿ ಹೆಸರು ಬೇಗ ಬಂತು. ಆದರೆ ‘ಲೇಥ್ ವರ್ಕ್ಸ್’ ಬರಲಿಲ್ಲ. ಮದುವೆ ಮನೆಗೆ ಬೇಕಾಗುವ ಅಕ್ಷರಗಳನ್ನಷ್ಟೇ ನಾನು ಬರೆದಿಟ್ಟಿದ್ದೆ. ‘ಥ್’ ಇರಲಿಲ್ಲ, ‘ರ್ಕ್ಸ್’ ಅಂತೂ ಕನಸಿನಲ್ಲೂ ಬಂದಿರಲಿಲ್ಲ. ಹೊಸದಾಗಿ ಬರೆಯಲು ಸೋಮಾರಿತನ ಬಂದು, ಆ ಸಾಲನ್ನು ಸಾದಾ ಅಕ್ಷರದಲ್ಲಿ ಸಣ್ಣದಾಗಿ ಕೆಳಗೆ ಹಾಕಿದೆ. ಹಿನ್ನೆಲೆ ಕೆನೆ ಬಣ್ಣ, ಅಕ್ಷರ ಚಿನ್ನದ ಬಣ್ಣ. ಸುತ್ತ ತೆಳ್ಳಗೆ ಬಳ್ಳಿಯ ಅಂಚು. ಮೇಲೆ ನಡುವೆ ಒಬ್ಬ ಪುಟ್ಟ ಗಣಪತಿ. ನನ್ನ ಕಣ್ಣಿಗೆ ಬಹಳ ಲಕ್ಷಣವಾಗಿ ಕಂಡಿತು. ಫ್ಲೆಕ್ಸ್ ಮಾಡಿಸಿ, ಸುರುಳಿ ಸುತ್ತಿ, ಹರಿಹರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.

ಕಟ್ಟಿದ ಅರ್ಧ ಗಂಟೆಗೆ ಎದುರುಗಡೆ ಪಂಕ್ಚರ್ ಅಂಗಡಿಯವನು ಬಂದು ಅಕ್ಕನನ್ನು ಕೇಳಿದ, ‘ಯಾರ್ದಕ್ಕಾ ಮದುವಿ?’

ಸಂಜೆಯೊಳಗೆ ಐದಾರು ಜನ ಹಾಗೇ ಕೇಳಿದರು. ಒಬ್ಬಾಕೆ ‘ಹುಡುಗನ ಹೆಸರು ಯಾಕ ಹಾಕ್ಸಿಲ್ಲ?’ ಅಂತ ಒಳಗೇ ಬಂದಳು. ಶೆಡ್ಡಿನ ನೆತ್ತಿಗೆ ನಾನು ಹತ್ತಡಿ ಉದ್ದದ ಮದುವೆ ಕಾರ್ಡು ಕಟ್ಟಿದ್ದೆ. ಬಿಸಿಲು ಬಿದ್ದರೆ ಚಿನ್ನದ ಬಣ್ಣವೂ ಕೆನೆ ಬಣ್ಣವೂ ಒಂದೇ ಆಗಿ, ಗಣಪತಿಯೊಬ್ಬ ಉಳಿಯುತ್ತಿದ್ದ. ಯಾರೋ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಅದು ಸುತ್ತಿಕೊಂಡು ಎರಡು ದಿನದಲ್ಲಿ ಮಂಡಿಪೇಟೆಗೇ ಬಂತು.

ಸಾಹುಕಾರರು ಫೋನು ನನ್ನ ಮೇಜಿನ ಮೇಲಿಟ್ಟರು. ‘ಏನಮ್ಮ ಇದು? ಮಂಗಳಕಾರ್ಯದ ಅಕ್ಷರ ಇದು. ಗ್ರೀಸು, ಎಣ್ಣಿ ಮೆತ್ತಿದ ಜಾಗಕ್ಕೆ ಹಾಕಿದ್ರೆ ನಾಳೆ ಮದುವಿಯವರು ಬ್ಯಾಡ ಅಂತಾರೆ. ಅಂಗಡಿ ಅಕ್ಷರ ಹೊರಗೆ ಕೊಡಬ್ಯಾಡ’ ಅಂದರು.

ಅಂಗಡಿ ಅಕ್ಷರ! ಅಂಗಡಿಯ ಕರೆಂಟು, ಅಂಗಡಿಯ ಕಂಪ್ಯೂಟರು, ಒಪ್ಪುತ್ತೇನೆ. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರ್ ಕೂಗುವುದರ ನಡುವೆ ಬರೆದ ಕಾಗುಣಿತ ಯಾವ ಅಂಗಡಿಯದು? ‘ಸಾವ್ಕಾರ್ರೆ, ಅಕ್ಷರ ನಂದು. ನನ್ನ ಅಕ್ಕನ ಶೆಡ್ಡಿನಾಗೂ ಇರ್ತೈತೆ, ನಿಮ್ಮ ಕಾರ್ಡಿನಾಗೂ ಇರ್ತೈತೆ. ಬ್ಯಾಡ ಅನ್ನೋದಾದ್ರೆ ಕಾರ್ಡಿಂದ ತೆಗೀರಿ’ ಅಂದೆ. ನನ್ನ ಬಾಯಿಂದ ಬಂದದ್ದು ಕೇಳಿ ನಾನೇ ಬೆವೆತೆ. ಅವರು ಫೋನು ಎತ್ತಿಕೊಂಡು ಗಲ್ಲಾಪೆಟ್ಟಿಗೆ ಹತ್ತಿರ ಹೋಗಿ ಕೂತರು. ಕಾರ್ಡಿಂದ ಅವರು ಇವತ್ತಿಗೂ ತೆಗೆದಿಲ್ಲ.

ಸಾಹುಕಾರರ ಮುಂದೆ ಅಷ್ಟು ಮಾತಾಡಿದವಳು ಭಾನುವಾರ ಅಕ್ಕನ ಮುಂದೆ ಹೋಗಿ ನಿಂತು ಏನು ಮಾಡಿದೆ ಗೊತ್ತೇ? ಫ್ಲೆಕ್ಸ್ ಬಿಚ್ಚಿ ತಂದು, ನೆಲದ ಮೇಲೆ ಕೂತು ಮಡಚುತ್ತ, ‘ಅಕ್ಕ, ಇದು ಬ್ಯಾಡ. ಕೆಂಪಂದು, ದಪ್ಪಂದು ಯಾವ್ದಾದ್ರೂ ಅಕ್ಷರ ಹಾಕ್ಸೋಣ. ಎಲ್ರೂ ಹಾಕ್ಸೋ ಹಂಗೆ. ಎಳಿ ಅಕ್ಷರಕ್ಕೆ ಈ ಜಾಗ ಅಲ್ಲ’ ಅಂದೆ. ಜನ ನಕ್ಕದ್ದು ನನ್ನನ್ನು ಅಷ್ಟು ಮುದುಡಿಸಿತ್ತು.

ಅಕ್ಕ ಚಿಂದಿ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಿದಳು.

‘ನೀನೂ ಹಂಗೇ ಅಂತೀಯಾ?’

‘ನಾ ಮಾಡಿದ್ದು, ನಂಗೆ ಗೊತ್ತಲ್ಲ ಅದು ಎಷ್ಟು ಸಣ್ಣ ಅಂತ.’

‘ನಂಗೂ ಎಲ್ರೂ ಹಂಗೇ ಅಂದ್ರು. ಕೈ ಸಣ್ಣ, ತೋಳಿನಾಗೆ ಕಸುವಿಲ್ಲ, ಈ ಜಾಗ ನಂದಲ್ಲ ಅಂತ. ನಾನೂ ಹೌದೌದು ಅಂದು ಮನಿಯಾಗೆ ಕೂತಿದ್ರೆ? ದಪ್ಪ ಅಕ್ಷರ ಹಾಕ್ಸಾಕೆ ನೀ ಯಾಕ ಬೇಕು, ಫ್ಲೆಕ್ಸಿನವ್ನು ಸಾಕು. ನಿನ್ನ ಅಕ್ಷರಕ್ಕೆ ಜಾಗ ಇಲ್ಲ ಅಂತ ನೀನೇ ಅಂದ್ರೆ ಎದ್ದು ಹೋಗು, ಬಸ್ಸಿಗೆ ಲೇಟಾಗ್ತೈತೆ.’

ನಾನು ಏಳಲಿಲ್ಲ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಅವಳು ಹೇಳಿದ್ದು ಸರಿಯಾಗಿತ್ತು. ಬೇರೆಯವರು ಅಂದಾಗ ಹೊಡೆಯಲು ಹೋಗುವ ಮಾತನ್ನು ನಾನೇ ನನ್ನ ಕೆಲಸದ ಬಗ್ಗೆ ಆಡಿದ್ದೆ.

ನಾವು ಹೀಗೆ ಮುಖ ಊದಿಸಿಕೊಂಡು ಕೂತಿರುವಾಗ ಬಾವ ಕುರ್ಚಿಯಲ್ಲಿ ತಮ್ಮ ಪಾಡಿಗೆ ತಾವು ಏನೋ ಮಾಡುತ್ತಿದ್ದರು. ಬೆರಳಿಗೆ ಚಲನೆ ಬರಲೆಂದು ಡಾಕ್ಟರು ಹೇಳಿದ್ದರಿಂದ, ಸೆಂಟ್ರಿಂಗಿಗೆ ಕಂಬಿ ಕಟ್ಟುವ ತೆಳು ತಂತಿಯನ್ನು ಬಗ್ಗಿಸುತ್ತ ಕೂರುವುದು ಅವರಿಗೆ ಅಭ್ಯಾಸ. ಮೊದಲ ಬೋರ್ಡಿಗೆ ಮಾದರಿಯೆಂದು ನಾನು ತಂದಿದ್ದ ಹಾಳೆ ಅವರ ತೊಡೆಯ ಮೇಲಿತ್ತು. ಹಾಳೆಯಲ್ಲಿ ಅಕ್ಕನ ಹೆಸರಿನ ಮೊದಲ ಅಕ್ಷರ ಅಂಗೈಯಗಲ ಇತ್ತು. ಅವರು ತಂತಿಯನ್ನು ಗೆರೆಯ ಮೇಲೆ ಒತ್ತಿ ಒತ್ತಿ ಅದೇ ದಾರಿಯಲ್ಲಿ ತಿರುಗಿಸಿಕೊಂಡು ಹೋಗಿ, ತುದಿಯ ಮೊಗ್ಗನ್ನೂ ಸುತ್ತಿ, ಎತ್ತಿ ತೋರಿಸಿದರು. ಅಕ್ಷರ ಹಾಳೆಯಿಂದೆದ್ದು ಅವರ ಕೈಯಲ್ಲಿ ನಿಂತಿತ್ತು.

ಅಕ್ಕ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಮೂಲೆಯಲ್ಲಿದ್ದ ಹತ್ತು ಎಂಎಂ ಸರಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿ, ‘ದಪ್ಪ ಅಕ್ಷರ ಆಗಿದ್ರೆ ಸರಳಿನಾಗೆ ಬಗ್ಸಾಕೆ ಆಗ್ತಿರ್ಲಿಲ್ಲ ನೋಡು’ ಅಂದಳು.

ಆರು ಭಾನುವಾರ ನಾನು ಹರಿಹರದಲ್ಲಿದ್ದೆ. ಮೊದಲ ದಿನವೇ ಕೂತು ‘ಥ್’ ಬರೆದೆ, ‘ರ್ಕ್ಸ್’ ಬರೆದೆ. ಮದುವೆ ಮನೆಗೆ ಬೇಕಿಲ್ಲದ ಅಕ್ಷರಗಳನ್ನು ಅಷ್ಟು ವರ್ಷ ಯಾಕೆ ಬಿಟ್ಟಿದ್ದೆನೋ, ಬರೆಯಹೊರಟರೆ ಅವೇ ಚೆಂದ ಬಂದವು. ಶೆಡ್ಡಿನ ನೆಲ ತೊಳೆದು, ಸೀಮೆಸುಣ್ಣದಲ್ಲಿ ಎರಡಡಿ ಎತ್ತರದ ಅಕ್ಷರಗಳನ್ನು ಎಳೆದೆ. ಅಕ್ಕ ಕೇಳಿದ ಮೊದಲ ಪ್ರಶ್ನೆಗೇ ತಡವರಿಸಿದೆ. ‘ಪೆನ್ನು ಎಲ್ಲಿ ಇಟ್ಟಿ, ಎಲ್ಲಿ ಎತ್ತಿದಿ ಹೇಳು. ಸರಳು ಅಲ್ಲಿಂದ್ಲೇ ಶುರು ಮಾಡ್ಬೇಕು.’ ಕಂಪ್ಯೂಟರಿನಲ್ಲಿ ಗೆರೆ ತಿದ್ದಿ ತಿದ್ದಿ ಅದು ನನಗೆ ಮರೆತೇಹೋಗಿತ್ತು. ಗಾಳಿಯಲ್ಲಿ ಬೆರಳಾಡಿಸಿ, ಕೈಗೆ ನೆನಪಿಸಿಕೊಟ್ಟು ಹೇಳಿದೆ.

ಇಳಿಯುವ ಗೆರೆಗೆ ದಪ್ಪ ಸರಳು, ಏರುವ ಗೆರೆಗೆ ಸಣ್ಣ ಸರಳು. ಎರಡೂ ಸೇರುವ ಕಡೆ ಬೆಸೆದು, ಗಂಟು ಕಾಣದಂತೆ ಉಜ್ಜುವುದು. ತಲೆಕಟ್ಟಿನ ತುದಿಯನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಚೂಪು ಮಾಡಿ, ವೈಸಿಗೆ ಕಚ್ಚಿಸಿದ ಪೈಪಿನ ತುಂಡಿಗೆ ಸುತ್ತಿ ಮೊಗ್ಗು ತೆಗೆಯುವುದು. ಮೊದಲ ಮೊಗ್ಗು ಮುರಿಯಿತು. ಎರಡನೆಯದು ಚಕ್ಕುಲಿಯ ಹಾಗೆ ವಕ್ರವಾಯಿತು. ಮೂರನೆಯದನ್ನು ಅಕ್ಕ ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಸುತ್ತಿದಳು. ನನ್ನ ಪೆನ್ನಿಗಿಂತ ಚೆನ್ನಾಗಿ ಬಂತು, ಸುಳ್ಳು ಯಾಕೆ ಹೇಳಲಿ. ‘ಥ್’ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಯಾವ ಗೆರೆಗೂ ತಾಗುವುದಿಲ್ಲ. ಕಾಗದದ ಮೇಲೆ ಚುಕ್ಕೆ ತಾನೇ ಕೂರುತ್ತದೆ, ಇಲ್ಲಿ ಹೇಗೆ ನಿಲ್ಲಿಸುವುದು? ಬಾವ ಹಳೆಯ ಬೇರಿಂಗೊಂದನ್ನು ಎಡಗಾಲಿನಿಂದ ನಮ್ಮ ಕಡೆ ತಳ್ಳಿದರು. ಅದರ ಒಂದು ಗುಂಡನ್ನು ತೆಗೆದು, ಹಿಂದಕ್ಕೆ ಕಡ್ಡಿ ಬೆಸೆದು, ನೇರ ಗೋಡೆಗೇ ಚುಚ್ಚುವಂತೆ ಮಾಡಿಟ್ಟೆವು.

ದೊಡ್ಡ ಬಾವ ನಡುವೆ ಒಮ್ಮೆ ಬಂದರು. ನೆಲದ ಮೇಲೆ ಸಾಲಾಗಿ ಮಲಗಿದ್ದ ಕಬ್ಬಿಣದ ಅಕ್ಷರಗಳನ್ನು ದಾಟಿಕೊಂಡು ನಿಂತು, ‘ಮಷಿನ್ ಓಡ್ಸೋದು ಬಿಟ್ಟು ಸರಳಿನ ರಂಗೋಲಿ ಹಾಕ್ಕೊಂತ ಕೂತೀರಿ. ಜನ ಇದನ್ನ ನೋಡಿ ಬಳಿ ಮಾರೋ ಅಂಗಡಿ ಅನ್ಕೊಂತಾರೆ’ ಅಂದರು. ಅಕ್ಕ ವೆಲ್ಡಿಂಗ್ ಕನ್ನಡಕ ಕೆಳಗೆಳೆದುಕೊಂಡು, ‘ಕಣ್ಣು ಆ ಕಡಿ ಮಾಡ್ರಿ ಬಾವನೋರೆ, ಬೆಳಕು ಚುಚ್ತೈತೆ’ ಅಂದು ಕೆಲಸ ಮುಂದುವರಿಸಿದಳು.

ಶೆಡ್ಡಿನ ಮುಂದಿನ ಗೋಡೆಗೆ ಸುಣ್ಣ ಬಳಿದು, ಅಕ್ಷರಗಳಿಗೆ ಕಪ್ಪು ಬಣ್ಣ ಹೊಡೆದು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿದೆವು. ನಾನು ಹೆದರಿಕೊಂಡೇ ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ನೋಡಿದೆ. ಹತ್ತು ಗಂಟೆಯ ಬಿಸಿಲಿತ್ತು. ಪ್ರತಿ ಎಳೆಯ ನೆರಳೂ ಅದರ ಪಕ್ಕದಲ್ಲೇ ಗೋಡೆಯ ಮೇಲೆ ಬಿದ್ದು, ಅಕ್ಷರ ಎರಡರಷ್ಟು ಕಾಣುತ್ತಿತ್ತು. ಇನ್ನೂ ಹಿಂದಕ್ಕೆ ಹೋದೆ. ಬಸ್ ನಿಲ್ಲುವ ಜಾಗದ ತನಕ ಹೋದೆ. ಅಲ್ಲಿಂದಲೂ ಅಕ್ಕನ ಹೆಸರು ಓದಲು ಬರುತ್ತಿತ್ತು. ಮದುವೆ ಕಾರ್ಡಿನಲ್ಲಿ ಕಣ್ಣಿಗೆ ಹತ್ತಿರ ಹಿಡಿದು ಓದಬೇಕಾಗಿದ್ದ ಅಕ್ಷರ. ಅಲಂಕಾರಕ್ಕೆ, ಓದುವುದಕ್ಕಲ್ಲ ಅಂದಿದ್ದ ಅಕ್ಷರ. ನಡು ರಸ್ತೆಯಲ್ಲಿ ನಿಂತು ನನಗೆ ಅಳು ಬಂತು, ಆಟೋದವನೊಬ್ಬ ಬೈದುಕೊಂಡು ಪಕ್ಕಕ್ಕೆ ತೆಗೆದ.

ಬೋರ್ಡು ಜನರನ್ನು ಕರೆಯಿತು. ಆದರೆ ಬಂದವರು ಕೇಳಿದ್ದು ಬೇರೆ.

‘ಅಕ್ಕಾರೆ, ನಮ್ಮ ಹೊಸಮನಿ ಗೇಟಿಗೆ ಇಂಥ ಅಕ್ಷರ ಮಾಡ್ಕೊಡ್ತೀರಾ?’ ಒಬ್ಬರಲ್ಲ, ನಾಲ್ಕು ಜನ. ಹದಡಿಯಿಂದ ಒಬ್ಬರು ಕಾರಿನಲ್ಲಿ ಬಂದು ಮಗಳ ಹೆಸರು ಬರೆದ ಚೀಟಿಯನ್ನೇ ಕೊಟ್ಟರು. ನನಗಂತೂ ಖುಷಿಯಾಗಿ, ಒಪ್ಪಿಕೋ ಅಂದೆ. ಆಯುಧಪೂಜೆಗೆ ಇನ್ನು ಎರಡು ವಾರ ಉಳಿದಿತ್ತು. ಲೇಥಿನ ಕೆಲಸ ಒಂದೂ ಬಂದಿರಲಿಲ್ಲ.

ಅಕ್ಕ ಚೀಟಿ ವಾಪಸು ಕೊಟ್ಟಳು. ‘ಗ್ರಿಲ್ ಅಂಗಡಿ ಆ ಕಡಿ ಐತೆ, ಹೋಗ್ರಿ. ಚೆಂದ ಮಾಡ್ತಾರೆ. ಇದು ಲೇಥ್ ವರ್ಕ್ಸ್ ರೀ. ಶಾಫ್ಟ್ ಇದ್ರೆ ತರ್ರಿ, ಬುಷ್ ಇದ್ರೆ ತರ್ರಿ.’

‘ನಿಂಗೆ ತಲಿ ಕೆಟ್ಟೈತೆ’ ಅಂದೆ ನಾನು, ಅವರು ಹೋದ ಮೇಲೆ.

‘ಗೇಟ್ ಮಾಡ್ಕೊಂತ ಕೂತ್ರೆ ದೊಡ್ಡ ಬಾವನೋರ ಮಾತು ಖರೇ ಆಗ್ತೈತೆ. ಮಷಿನ್ ಸುಮ್ನೆ ನಿಂತಿರ್ತಾವಲ್ಲ’ ಅಂದಳು. ‘ಆ ಬೋರ್ಡಿನಾಗೆ ಏನು ಬರ್ದೈತೋ ಅದನ್ನ ಓದಿ ಬರೋರು ಬೇಕು ನಂಗೆ.’

ಹಾಗೆ ಓದಿ ಬಂದವರು ಕೊಕ್ಕನೂರಿನ ರೈತರೊಬ್ಬರು. ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಅವರ ಪಂಪ್‌ಸೆಟ್ಟಿನ ಶಾಫ್ಟು ಬೇರಿಂಗ್ ಕೂರುವಲ್ಲಿ ಸವೆದು, ಪಂಪು ಗಡಗಡ ಅಲುಗಾಡಿ ನಿಂತುಬಿಟ್ಟಿತ್ತು. ಭತ್ತ ತೆನೆ ಕಟ್ಟುವ ಹೊತ್ತು, ನೀರು ನಿಲ್ಲುವಂತಿಲ್ಲ. ಬೇರೆ ಶೆಡ್ಡುಗಳಲ್ಲೆಲ್ಲ ಹಬ್ಬಕ್ಕೆ ಮಷಿನು ತೊಳೆದು ಬಣ್ಣ ಹೊಡೆಯುತ್ತಿದ್ದರು. ಹಬ್ಬ ಆದ ಮೇಲೆ ಬಾ ಅಂದಿದ್ದರಂತೆ. ಅವರು ಒಳಗೆ ಬಂದು, ಚೀಲದಿಂದ ಶಾಫ್ಟು, ಹೊಸ ಬೇರಿಂಗು ತೆಗೆದಿಟ್ಟು, ಬಾವನನ್ನೂ ನನ್ನನ್ನೂ ನೋಡಿ, ಕೊನೆಗೆ ಖಾಕಿ ಅಂಗಿಯ ಅಕ್ಕನ ಹತ್ತಿರ ನಿಂತು, ಗೋಡೆಯ ಮೇಲಿನ ಹೆಸರು ಹೇಳಿ, ‘ನೀವೇ ಏನ್ರಿ?’ ಅಂದರು.

‘ನಾನೇ’ ಅಂದಳು ಅಕ್ಕ.

‘ನಾಳೆ ಆಗ್ತೈತಾ?’

‘ನಾಳೆ ಮಧ್ಯಾಹ್ನ ಬರ್ರಿ.’

ಮರುದಿನ ನಾನು ಅಂಗಡಿಗೆ ರಜಾ ಹಾಕಿ ಹರಿಹರದಲ್ಲೇ ಉಳಿದೆ. ಹಳೆಯದಕ್ಕೆ ಬೆಸುಗೆ ತುಂಬುವುದು ಬೇಡ, ಕಬ್ಬಿಣದ ಬಾರಿನಿಂದ ಹೊಸ ಶಾಫ್ಟೇ ತೆಗೆ ಅಂದರು ಬಾವ. ಬೆಳಿಗ್ಗೆಯಿಂದ ಮಷಿನು ಓಡಿತು. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಬಾವ ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದರು, ಜಾಸ್ತಿ, ಕಮ್ಮಿ ಅಂತ ಒಂದು ಸಲವೂ ಅನ್ನಲಿಲ್ಲ. ಬೇರಿಂಗ್ ಕೂರುವ ಜಾಗದ ಕೊನೆಯ ಸುತ್ತು ಮುಗಿಯುತ್ತಿರುವಾಗ ಹೊರಗೆ ಟೆಂಪೋ ಬಂದು ನಿಂತಿತು. ದೊಡ್ಡ ಬಾವ ಒಳಗೆ ಬಂದರು. ಅವರ ಕೈಯಲ್ಲಿ ಅಳತೆ ಟೇಪಿತ್ತು. ನಾಳೆ ಪೂಜೆ, ಇವತ್ತೇ ಮಷಿನು ಸಾಗಿಸಬೇಕು, ಟೆಂಪೋದಲ್ಲಿ ಹಿಡಿಯುತ್ತದೋ ಇಲ್ಲವೋ ನೋಡಿಕೊಳ್ಳಲು ಬಂದಿದ್ದರು.

‘ಬಂದ್ ಮಾಡವ್ವ. ಅಳತಿ ತಗೊಂತೀನಿ.’

‘ಮಷಿನ್ ಮ್ಯಾಲೆ ಜಾಬ್ ಐತೆ. ನಿಂದ್ರಿ’ ಅಂದಳು ಅಕ್ಕ, ತಿರುಗಿ ನೋಡದೆ.

ಅವರು ನಿಂತರು. ನಲವತ್ತು ವರ್ಷ ಲೇಥಿನ ಮುಂದೆ ನಿಂತವರು, ಓಡುವ ಮಷಿನಿಗೆ ಕೈ ಹಾಕುವಂಥವರಲ್ಲ. ಅಕ್ಕ ಸುತ್ತು ಮುಗಿಸಿ, ಮಷಿನು ಆರಿಸಿ, ಶಾಫ್ಟು ಬಿಚ್ಚಿ ಎಣ್ಣೆ ಒರೆಸಿದಳು. ಕಪಾಟಿನಿಂದ ಮೈಕ್ರೋಮೀಟರಿನ ಪೆಟ್ಟಿಗೆ ತೆಗೆದು, ಶಾಫ್ಟನ್ನೂ ಅದನ್ನೂ ದೊಡ್ಡ ಬಾವನ ಮುಂದೆ ಹಲಗೆಯ ಮೇಲಿಟ್ಟಳು. ‘ನೋಡ್ರಿ’ ಅಂದಳು. ‘ಒಂದು ಕೂದಲೆಳಿ ಹೆಚ್ಚುಕಮ್ಮಿ ಇದ್ರೂ ಮಷಿನ್ ತಗಂಡು ಹೋಗ್ರಿ. ನಾನೇ ಕೈ ಹಚ್ಚಿ ಟೆಂಪೋಕ್ಕೆ ಏರಿಸ್ತೀನಿ.’

ಬಾವ ಕಣ್ಣು ತೆರೆದರು.

ದೊಡ್ಡ ಬಾವ ಟೇಪನ್ನು ಜೇಬಿಗೆ ಹಾಕಿ, ಹಲಗೆಯ ಮೇಲಿದ್ದ ಚಿಂದಿಯಿಂದ ಕೈ ಒರೆಸಿಕೊಂಡರು. ಅವರು ಶಾಫ್ಟಿನ ಒಂದು ತುದಿ ಅಳೆದರು. ಇನ್ನೊಂದು ತುದಿ ಅಳೆದರು. ಕಾಲುಭಾಗ ತಿರುಗಿಸಿ ಮತ್ತೆ ಅಳೆದರು. ರೈತರು ತಂದಿಟ್ಟಿದ್ದ ಹೊಸ ಬೇರಿಂಗನ್ನು ಎತ್ತಿಕೊಂಡು ಅದರ ಒಳಸುತ್ತನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಶಾಫ್ಟಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಅದು ಎಷ್ಟು ಬಿಗಿಯಾಗಿ ಹಿಡಿಯಬೇಕೋ ಅಷ್ಟು ಬಿಗಿಯಾಗಿ ಹಿಡಿಯಿತು.

ಆಮೇಲೆ ಮೈಕ್ರೋಮೀಟರನ್ನು ಒರೆಸಿ, ಪೆಟ್ಟಿಗೆಯಲ್ಲಿ ಅದರ ಗುಳಿಯಲ್ಲೇ ಕೂರಿಸಿ, ಮುಚ್ಚಳ ಮುಚ್ಚಿದರು. ತಮ್ಮನ ಕುರ್ಚಿಯ ಹತ್ತಿರ ಹೋಗಿ ಒಂದು ಕ್ಷಣ ಅವರ ಸೋತ ಬಲಗೈ ಹಿಡಿದುಕೊಂಡರು. ಬಾಗಿಲಲ್ಲಿ ನಿಂತು ಟೆಂಪೋದವನಿಗೆ, ‘ಖಾಲಿ ಹೋಗಪ್ಪ’ ಅಂದರು. ಅಕ್ಕನ ಕಡೆ ತಿರುಗಿದರು.

‘ನಾಳೆ ಪೂಜಿಗೆ ಬೂದುಗುಂಬಳಕಾಯಿ ತಂದೀಯೇನವ್ವ?’

‘ಇಲ್ರಿ’ ಅಂದಳು ಅಕ್ಕ.

‘ನಾ ತರ್ತೀನಿ. ಇಲ್ಲೇ ಒಡಿಯೋಣ’ ಅಂದರು.